ಬೆಕ್ಕಿಗೊಂದು ವಿಮೆ

ಬೆಕ್ಕಿಗೆ ಆರೋಗ್ಯ ವಿಮೆ ಮಾಡಿಸಬೇಕೆ ಬೇಡವೆ ಎಂಬ ಪ್ರಶ್ನೆಯನ್ನು ಹಿಡಿದು ಒಂದು ಭಾನುವಾರವೆಲ್ಲ ತಲೆ ಕೆಡಿಸಿಕೊಂಡ ಮನುಷ್ಯ ನಾನು ಎಂದರೆ ವಾಚಕರು ನಕ್ಕಾರು. ನಗಲಿ, ಮೊದಲು ನಾನೂ ನಕ್ಕೆ. ಬೆಂಗಳೂರಿನಲ್ಲಿ ಓದುತ್ತಿರುವ ಮಗಳು ನನ್ನ ಮೊಬೈಲಿಗೆ ಒಂದು ವಿಮಾಪತ್ರದ ನಮೂನೆಯನ್ನು ಕಳಿಸಿ, ‘ಅಪ್ಪಾ, ಗುಂಡನಿಗೆ ಇದನ್ನು ಮಾಡಿಸಿಬಿಡು. ಮರೆಯಬೇಡ’ ಎಂದು ಬರೆದಿದ್ದಳು. ಗುಂಡ ಎಂಬುದು ನಮ್ಮ ಮನೆಯ ಬೆಕ್ಕಿನ ಹೆಸರು. ಹೆಂಡತಿಗೆ ಓದಿ ಹೇಳಿದೆ. ‘ನಿಮಗೆ ಮಾಡಿಸಿರೋ ವಿಮೆ ಏನು ಎತ್ತ ಅಂತ ನಿಮಗೇ ಇನ್ನೂ ಗೊತ್ತಿಲ್ಲ, ಇನ್ನು ಬೆಕ್ಕಿನದೂ ಸೇರಲಿ’ ಎಂದಳು. ಪಕ್ಕದ ಮನೆಯ ನಿವೃತ್ತ ಬ್ಯಾಂಕ್ ಅಧಿಕಾರಿಗಳು ಕಾಂಪೌಂಡಿನ ಆಚೆಯಿಂದಲೇ, ‘ಏನು ಮೇಷ್ಟ್ರೆ, ಇಲಿ ಹಿಡಿಯೋ ಪ್ರಾಣಿಗೂ ಪ್ರೀಮಿಯಂ ಕಟ್ಟೋ ಕಾಲ ಬಂತೆ!’ ಎಂದರು. ಗುಂಡ ಇಲಿ ಹಿಡಿದದ್ದನ್ನು ಈ ಏಳು ವರ್ಷಗಳಲ್ಲಿ ನಾವು ಯಾರೂ ನೋಡಿಲ್ಲ ಎಂಬ ಸತ್ಯವನ್ನು ನಾನು ಅವರಿಗೆ ಹೇಳಲಿಲ್ಲ.

ನಗುವಿನಲ್ಲಿ ಮುಗಿಯಬೇಕಾಗಿದ್ದ ಮಾತು ಮುಗಿಯಲಿಲ್ಲ. ಕಾರಣ, ಹೋದ ಆಷಾಢದ ಒಂದು ರಾತ್ರಿ.

ಆ ದಿನ ಸಂಜೆಯಿಂದಲೇ ಗುಂಡ ಮರಳ ತೊಟ್ಟಿಗೆ ಹೋಗುವುದು, ಕೂರುವುದು, ಏಳುವುದು, ಮತ್ತೆ ಹೋಗುವುದು ಹೀಗೆ ಮಾಡುತ್ತಿದ್ದ. ಮಲಬದ್ಧತೆ ಇರಬೇಕೆಂದು ನಾವು ಅಷ್ಟಾಗಿ ಗಮನಿಸಲಿಲ್ಲ. ಬೆಕ್ಕು ತನ್ನ ನೋವನ್ನು ಹೇಳಿಕೊಳ್ಳುವ ಪ್ರಾಣಿಯಲ್ಲ, ಅಡಗಿಸಿಡುವ ಪ್ರಾಣಿ. ರಾತ್ರಿ ಹತ್ತರ ಹೊತ್ತಿಗೆ, ನಾವು ಹಿಂದೆಂದೂ ಕೇಳದಿದ್ದ ಒಂದು ದನಿಯಲ್ಲಿ ಕೂಗಿತು. ಮಳೆಯಲ್ಲಿ ಆಟೋ ಹಿಡಿದು ಒಂದು ಪಶು ಚಿಕಿತ್ಸಾಲಯಕ್ಕೆ ಓಡಿದೆವು. ವೈದ್ಯರು ಹೊಟ್ಟೆ ಮುಟ್ಟಿ ನೋಡಿ, ‘ಮೂತ್ರನಾಳ ಕಟ್ಟಿಕೊಂಡಿದೆ. ಗಂಡು ಬೆಕ್ಕುಗಳಲ್ಲಿ ನಾಳ ಬಹಳ ಸಪೂರ; ಸಣ್ಣ ಹರಳೋ ಲೋಳೆಯೋ ಅಡ್ಡ ಬಂದರೂ ಸಾಕು. ಒಂದೆರಡು ದಿನ ಹೀಗೇ ಬಿಟ್ಟರೆ ಉಳಿಯುವುದು ಕಷ್ಟ. ಈಗಲೇ ನಳಿಗೆ ಹಾಕಬೇಕು. ಮೂರು ದಿನ ಇಲ್ಲೇ ಇರಬೇಕಾಗಬಹುದು. ಮತ್ತೆ ಮತ್ತೆ ಹೀಗಾದರೆ ಶಸ್ತ್ರಚಿಕಿತ್ಸೆ’ ಎಂದರು.

ಆಗ ನನ್ನ ಬಾಯಿಂದ ಹೊರಟ ಮೊದಲ ಮಾತು: ‘ಎಷ್ಟಾಗುತ್ತೆ ಡಾಕ್ಟ್ರೆ?’

ಬದುಕುತ್ತದೆಯೆ ಎಂದಲ್ಲ, ನೋವು ಕಡಿಮೆಯಾಗುತ್ತದೆಯೆ ಎಂದೂ ಅಲ್ಲ. ಎಷ್ಟಾಗುತ್ತದೆ ಎಂದು. ವೈದ್ಯರು ಬೇಸರಪಟ್ಟುಕೊಳ್ಳಲಿಲ್ಲ, ದಿನಕ್ಕೆ ಹತ್ತು ಸಲ ಕೇಳುವ ಮಾತಾದ್ದರಿಂದ ಒಂದು ಅಂದಾಜು ಹೇಳಿದರು. ಆದರೆ ಮೇಜಿನ ಮೇಲೆ ಬೆಕ್ಕನ್ನು ಹಿಡಿದುಕೊಂಡಿದ್ದ ಮಗಳು ತಲೆಯೆತ್ತಿ ಒಮ್ಮೆ ನನ್ನ ಮುಖವನ್ನು ನೋಡಿದಳು. ಮೂರು ದಿನಕ್ಕೆ ಹದಿನಾಲ್ಕು ಸಾವಿರದ ಆರು ನೂರು ರೂಪಾಯಿ ಆಯಿತು. ಬೆಕ್ಕು ಉಳಿಯಿತು. ಆ ನೋಟವೂ ಉಳಿಯಿತು. ಅವಳು ಕಳಿಸಿದ ವಿಮಾಪತ್ರ ಬೆಕ್ಕಿಗಾಗಿ ಎಷ್ಟೋ, ಅಪ್ಪನ ಬಾಯಲ್ಲಿ ಮತ್ತೆ ಆ ಮಾತು ಮೊದಲು ಬಾರದಿರಲಿ ಎಂಬುದಕ್ಕಾಗಿಯೂ ಅಷ್ಟೇ ಇದ್ದೀತು ಎಂದು ನನಗೆ ತೋರಿತು. ಹಾಗೆ ತೋರಿದ ಮೇಲೆ ನಗುವುದು ಸುಲಭವಾಗಲಿಲ್ಲ.

ವಿಮೆ ನಮಗೇನೂ ಹೊಸದಲ್ಲ. ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ, 1891ರಲ್ಲಿ, ಮೈಸೂರು ಸಂಸ್ಥಾನದ ನೌಕರರಿಗಾಗಿ ಆರಂಭವಾದ ಸರ್ಕಾರಿ ವಿಮಾ ಇಲಾಖೆ ಇಂದಿಗೂ ಇದೆ; ಸರ್ಕಾರಿ ಕಾಲೇಜಿನ ಅಧ್ಯಾಪಕನಾದ ನನ್ನ ಸಂಬಳದಿಂದ ಪ್ರತಿ ತಿಂಗಳೂ ಅದರ ಕಂತು ಮುರಿಯುತ್ತದೆ. 1956ರಲ್ಲಿ ಜೀವ ವಿಮಾ ನಿಗಮ ಹುಟ್ಟಿದ ಮೇಲಂತೂ ಮಧ್ಯಮ ವರ್ಗದ ಮನೆಗಳಲ್ಲಿ ದೇವರ ಪಟದಷ್ಟೇ ಸಾಮಾನ್ಯವಾದ ವಸ್ತು ವಿಮಾಪತ್ರ. ಅದಕ್ಕೂ ಹಿಂದಿನಿಂದ, ಈ ಹೆಸರಿಲ್ಲದೆ, ಇದೇ ಭಾವನೆ ನಮ್ಮಲ್ಲಿ ಇತ್ತು. ಮದುವೆಮನೆಯಲ್ಲಿ ಓದಿಸುವ ಮುಯ್ಯಿ ಮತ್ತೇನು? ಇಂದು ನಿನ್ನ ಮನೆಯ ಖರ್ಚಿಗೆ ನಾನು, ನಾಳೆ ನನ್ನ ಮನೆಯದಕ್ಕೆ ನೀನು. ಮುಯ್ಯಿಯಲ್ಲಿ ಕೊಡುವವರ ಮುಖ ಗೊತ್ತಿರುತ್ತದೆ, ವಿಮೆಯಲ್ಲಿ ಗೊತ್ತಿರುವುದಿಲ್ಲ, ವ್ಯತ್ಯಾಸ ಇಷ್ಟೆ. ನಾನು ಕಂಡರಿಯದ ಸಾವಿರ ಜನ ನನ್ನ ಕಷ್ಟಕ್ಕೆ ಒಂದೊಂದು ಕಾಸು ಎತ್ತಿಡುತ್ತಾರೆ. ಅವರ ಕಷ್ಟಕ್ಕೆ ನಾನು ಎತ್ತಿಡುತ್ತೇನೆ. ನಡುವೆ ನಿಂತವನು ತನ್ನ ಪಾಲು ತೆಗೆದುಕೊಳ್ಳುತ್ತಾನೆ ಎಂಬುದು ನಿಜ. ಆದರೂ ಮೂಲದಲ್ಲಿರುವ ಭಾವನೆ ಹಗುರವಾದುದಲ್ಲ.

ಪ್ರಾಣಿಗಳ ವಿಮೆಯೂ ಹೊಸದಲ್ಲ. ಸ್ವೀಡನ್ ದೇಶದಲ್ಲಿ 1890ರಲ್ಲೇ ಕುದುರೆ ದನಗಳಿಗೆ ವಿಮೆ ಮಾಡುತ್ತಿದ್ದರು. 1924ರಲ್ಲಿ ನಾಯಿಗೂ ಆಯಿತು. ನಮ್ಮ ಹಳ್ಳಿಗಳಲ್ಲಿ ಸೀಮೆಹಸುವಿನ ವಿಮೆಯನ್ನು ಕಾಣದವರಾರು? ಕೇಂದ್ರ ಸರ್ಕಾರ 2005-06ರಲ್ಲಿ ನೂರು ಜಿಲ್ಲೆಗಳನ್ನು ಆರಿಸಿಕೊಂಡು ಜಾನುವಾರು ವಿಮೆಯ ಯೋಜನೆಯನ್ನೇ ಪ್ರಯೋಗಕ್ಕೆ ತಂದಿತ್ತು. ಹಸುವಿನ ಕಿವಿಗೆ ನಂಬರಿನ ಓಲೆ ಹೊಡೆಯುತ್ತಾರೆ. ಪಶುವೈದ್ಯರು ನೋಡಿ ಇಂತಿಷ್ಟು ಬೆಲೆ ಎಂದು ಬರೆಯುತ್ತಾರೆ. ಹಸು ಸತ್ತರೆ ಆ ಓಲೆಯನ್ನು ತೋರಿಸಿ ಹಣ ಪಡೆಯಬೇಕು. ನಮ್ಮ ಚಿಕ್ಕಪ್ಪನ ಮನೆಯಲ್ಲಿ ಒಂದು ಹಸು ಸತ್ತಾಗ ನಾನು ಅಲ್ಲಿದ್ದೆ. ಚಿಕ್ಕಪ್ಪ ಕಿವಿಯ ಓಲೆಗಾಗಿ ಕಾಗದಗಳನ್ನು ಹೊಂದಿಸಿಕೊಳ್ಳುತ್ತಿದ್ದರು. ಚಿಕ್ಕಮ್ಮ ಕೊಟ್ಟಿಗೆಯ ಕಂಬ ಹಿಡಿದುಕೊಂಡು ನಿಂತಿದ್ದರು. ಅವರು ಆ ದಿನ ಊಟ ಮಾಡಲಿಲ್ಲ. ಹಣ ಬಂತು, ಬೇರೆ ಹಸು ಬಂತು. ಅದರಲ್ಲಿ ತಪ್ಪೇನೂ ಇಲ್ಲ. ಆ ಸಂಸಾರ ನಿಂತಿದ್ದದ್ದೇ ಹಾಲಿನ ಮೇಲೆ.

ಆದರೆ ಆ ವಿಮೆ ಯಾರದು? ಹಸುವಿನದಲ್ಲ, ಹಸುವನ್ನು ಕಳೆದುಕೊಂಡವರದು. ಅದು ಸತ್ತ ಮೇಲೆ ಬರುವ ಹಣ. ನನ್ನ ಮುಂದಿದ್ದ ಕಾಗದ ಬೇರೆ ಬಗೆಯದು. ಬೆಕ್ಕು ಕಾಯಿಲೆ ಬಿದ್ದರೆ ಅದರ ಚಿಕಿತ್ಸೆಗೆ ಕೊಡುವ ಹಣ ಅದು. ಮೊದಲನೆಯದು ಮಾಲೀಕನ ನಷ್ಟಕ್ಕೆ ಪರಿಹಾರ. ಎರಡನೆಯದು ಪ್ರಾಣಿಯ ನೋವಿಗೆ ಪರಿಹಾರ. ಈ ಎರಡರ ನಡುವೆ ಒಂದು ದೊಡ್ಡ ಕಂದರವಿದೆ. ನಮೂನೆಯಲ್ಲಿ ‘ತಳಿ’ ಎಂದು ಒಂದು ಕಡೆ ಇತ್ತು, ‘ಬೆಲೆ’ ಎಂದು ಇನ್ನೊಂದು ಕಡೆ. ತಳಿಗೆ ‘ನಾಡು ಬೆಕ್ಕು’ ಎಂದು ಬರೆಯಬಹುದು. ಬೆಲೆಗೆ ಏನು ಬರೆಯಲಿ? ಮಳೆಯಲ್ಲಿ ನೆನೆದು, ನಮ್ಮ ಸ್ಕೂಟರಿನ ಕೆಳಗೆ ಕೂತು ಅಳುತ್ತಿದ್ದ ಒಂದು ಹಿಡಿ ಗಾತ್ರದ ಮರಿ ಅದು. ಪೇಟೆಗೆ ಒಯ್ದರೆ ಅದಕ್ಕೆ ಒಂದು ರೂಪಾಯಿಯೂ ಹುಟ್ಟದು. ಬೆಲೆಯೇ ಇಲ್ಲದ ಜೀವಕ್ಕೆ ಬೆಲೆ ತೆತ್ತು ಉಳಿಸಿಕೊಳ್ಳಲು ಹೊರಟಾಗ, ಲೆಕ್ಕಶಾಸ್ತ್ರ ಅಲ್ಲಿಗೇ ನಿಂತು ಧರ್ಮಶಾಸ್ತ್ರ ಶುರುವಾಗುತ್ತದೆ.

ಇದಕ್ಕೆ ಬರುವ ಮೊದಲನೆಯ ಆಕ್ಷೇಪಣೆ ಎಲ್ಲರಿಗೂ ಗೊತ್ತಿರುವುದೇ. ಮನುಷ್ಯರಿಗೇ ಗತಿಯಿಲ್ಲದ ನಾಡಿನಲ್ಲಿ ಬೆಕ್ಕಿಗೆ ವಿಮೆಯೆ? ಇದು ತಳ್ಳಿಹಾಕುವ ಮಾತಲ್ಲ. ನಮ್ಮ ಮನೆಯ ಕೆಲಸಕ್ಕೆ ಬರುವ ಹೆಂಗಸಿನ ಗಂಡನಿಗೆ ಎರಡು ವರ್ಷದ ಹಿಂದೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಯಿತು. 2018ರಿಂದ ಬಡ ಕುಟುಂಬಗಳಿಗೆ ವರ್ಷಕ್ಕೆ ಐದು ಲಕ್ಷ ರೂಪಾಯಿಗಳವರೆಗೆ ಆಸ್ಪತ್ರೆಯ ವೆಚ್ಚ ಭರಿಸುವ ಆಯುಷ್ಮಾನ್ ಕಾರ್ಡು ಬಂದಿದೆ. ಅವಳಲ್ಲೂ ಅದು ಇತ್ತು. ಕಾರ್ಡು ಆಸ್ಪತ್ರೆಯ ಬಿಲ್ಲನ್ನು ನೋಡಿಕೊಂಡಿತು. ಆದರೆ ಓಡಾಟದ ಖರ್ಚು, ಜೊತೆಯಲ್ಲಿ ಇದ್ದವರ ಊಟ, ಗಂಡ ಕೂಲಿಗೆ ಹೋಗದ ಎರಡು ತಿಂಗಳು, ಇವನ್ನು ಯಾವ ಕಾರ್ಡು ನೋಡಿಕೊಳ್ಳುತ್ತದೆ? ಅವಳು ಬಾರದಿದ್ದ ದಿನಗಳ ಸಂಬಳವನ್ನು ನಾವು ಹಿಡಿಯಲಿಲ್ಲ ಎಂದು ನಾನು ಮನಸ್ಸಿನಲ್ಲೇ ಹೆಮ್ಮೆಪಟ್ಟುಕೊಂಡಿದ್ದೆ. ಬೆಕ್ಕಿಗೆ ಮೂರು ದಿನದಲ್ಲಿ ಖರ್ಚು ಮಾಡಿದ್ದರ ಪಕ್ಕದಲ್ಲಿ ಆ ಹೆಮ್ಮೆಯನ್ನಿಟ್ಟು ನೋಡಿದರೆ ಅದು ಬಹಳ ಚಿಕ್ಕದಾಗಿ ಕಾಣಿಸಿತು.

ಸೋಮವಾರ ಬೆಳಗ್ಗೆ ಅವಳು ಪಾತ್ರೆ ತೊಳೆಯುತ್ತಿದ್ದಾಗ, ಏಕೋ ಮುಚ್ಚಿಡಬಾರದೆನ್ನಿಸಿ ವಿಷಯ ಹೇಳಿದೆ. ಅವಳು ಕೈ ನಿಲ್ಲಿಸದೆಯೇ, ‘ಮಾಡ್ಸಿ ಮೇಷ್ಟ್ರೆ, ಅದ್ಕೆ ಬಾಯಿಲ್ಲ. ನಮ್ಗಾದ್ರೆ ಕೇಳಕ್ಕೆ ಬಾಯಾದ್ರೂ ಐತೆ’ ಎಂದಳು. ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಅವಳಿಗೆ ಬಾಯಿ ಇದ್ದದ್ದು ನಿಜ. ಆದರೆ ಆ ಎರಡು ತಿಂಗಳಲ್ಲಿ ಅವಳು ಒಮ್ಮೆಯೂ ಕೇಳಲಿಲ್ಲ; ನಾನೂ ಒಮ್ಮೆಯೂ ವಿಚಾರಿಸಲಿಲ್ಲ. ಅವಳ ಔದಾರ್ಯದಿಂದ ನನ್ನ ಸಾಲ ತೀರುವಂತಿರಲಿಲ್ಲ.

ಆದರೂ ಈ ಆಕ್ಷೇಪಣೆಯನ್ನು ಕೊನೆಯವರೆಗೆ ನಡೆಸಿ ನೋಡಿದರೆ ಅದರ ದೋಷ ಗೊತ್ತಾಗುತ್ತದೆ. ಬೆಕ್ಕಿನ ವಿಮೆಯನ್ನು ಕೈಬಿಟ್ಟೆನೆಂದುಕೊಳ್ಳೋಣ. ಉಳಿದ ಹಣ ಅವಳ ಮನೆಗೆ ಹೋಗುತ್ತದೆಯೆ? ಹೋಗುವುದಿಲ್ಲ, ನಮ್ಮ ಮನೆಯಲ್ಲೇ ಇನ್ನೊಂದು ರೂಪದಲ್ಲಿ ಕರಗುತ್ತದೆ. ಹೋಟೆಲಿನ ಊಟಕ್ಕೆ, ಬಟ್ಟೆಗೆ, ವರ್ಷಕ್ಕೊಂದು ಪ್ರವಾಸಕ್ಕೆ ಖರ್ಚು ಮಾಡುವಾಗ ಬಡವರ ನೆನಪು ಬಾರದೆ, ಬೆಕ್ಕಿನ ಔಷಧಕ್ಕೆ ಖರ್ಚು ಮಾಡುವಾಗ ಮಾತ್ರ ಬರುವುದಾದರೆ, ಅದು ಬಡವರ ಮೇಲಿನ ಕರುಣೆಯಲ್ಲ. ಬೆಕ್ಕಿನ ಮೇಲಿನ ಜಿಪುಣತನಕ್ಕೆ ಬಡವರನ್ನು ಸಾಕ್ಷಿ ಕರೆಯುವುದು. ಒಂದು ಕರ್ತವ್ಯವನ್ನು ತೋರಿಸಿ ಇನ್ನೊಂದರಿಂದ ಜಾರಿಕೊಳ್ಳುವ ಜಾಣತನ ನಮ್ಮಂಥ ಓದಿದವರಿಗೆ ಬಹಳ ಚೆನ್ನಾಗಿ ಬರುತ್ತದೆ. ಹಾಗೆ ಜಾರಿಕೊಳ್ಳುವಾಗ ಸಾಮಾನ್ಯವಾಗಿ ಎರಡೂ ತಪ್ಪಿಹೋಗುತ್ತವೆ.

ಹಾಗಾದರೆ ಬೆಕ್ಕಿನ ಬಗ್ಗೆ ನನಗಿರುವ ಕರ್ತವ್ಯವಾದರೂ ಎಲ್ಲಿಂದ ಬಂತು? ಪ್ರೀತಿಯಿಂದ ಎಂದರೆ ಸಾಲದು. ಪ್ರೀತಿ ಒಂದು ದಿನ ಇರುತ್ತದೆ, ಒಂದು ದಿನ ಕಡಿಮೆಯಾಗುತ್ತದೆ. ಹೊಸ ಸೋಫಾವನ್ನು ಗುಂಡ ಪರಚಿದ ದಿನ ನನಗೆ ಅದರ ಮೇಲೆ ಪ್ರೀತಿ ಇತ್ತೆಂದು ಹೇಳಲಾರೆ. ಕಾರಣ ಬೇರೆ ಕಡೆ ಇದೆ. ಆ ಮರಿಯನ್ನು ನಾವು ಒಳಗೆ ತಂದೆವು. ಬೀದಿಯಲ್ಲಿ ಕಾರು, ನಾಯಿಗಳಿವೆ ಎಂದು ಹೊರಗೆ ಬಿಡಲಿಲ್ಲ. ಸಂತಾನಹರಣದ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಚೀಲದಲ್ಲಿ ಬರುವ ಒಣ ಕಾಳಿನ ಆಹಾರ ನಮಗೆ ಅನುಕೂಲವೆಂದು ಅದನ್ನೇ ಹಾಕಿದೆವು. ಇವೆಲ್ಲವೂ ಒಳ್ಳೆಯದಕ್ಕೇ ಇರಬಹುದು. ಆದರೆ ಓಡಾಟವಿಲ್ಲದೆ, ನೀರು ಕಡಿಮೆ ಕುಡಿದು, ಮೈ ಬಂದ ಒಳಮನೆಯ ಗಂಡು ಬೆಕ್ಕುಗಳಿಗೇ ಈ ಮೂತ್ರಬಾಧೆ ಹೆಚ್ಚು ಎಂದು ಅದೇ ವೈದ್ಯರು ಹೇಳಿದರು. ಎಂದರೆ, ನಾವು ಕೊಟ್ಟ ಸುಖದ ಬೆನ್ನಿಗೇ ಆ ನೋವೂ ಬಂದಿತ್ತು. ತನ್ನ ಪಾಡಿಗೆ ತಾನು ಬದುಕುವ, ತನ್ನ ಪಾಡಿಗೆ ತಾನು ಸಾಯುವ ಸ್ವಾತಂತ್ರ್ಯವನ್ನು ಅದರಿಂದ ತೆಗೆದುಕೊಂಡವರು ನಾವು. ತೆಗೆದುಕೊಂಡದ್ದಕ್ಕೆ ಪ್ರತಿಯಾಗಿ ಏನನ್ನಾದರೂ ಕೊಡಲೇಬೇಕು.

ಶ್ರೀವೈಷ್ಣವರಲ್ಲಿ ಭಗವಂತನ ಕೃಪೆಯನ್ನು ಕುರಿತು ಎರಡು ನ್ಯಾಯಗಳನ್ನು ಹೇಳುತ್ತಾರೆ. ವಡಗಲೆಯವರದು ಮರ್ಕಟಕಿಶೋರ ನ್ಯಾಯ: ಕೋತಿಮರಿ ತಾಯಿಯ ಹೊಟ್ಟೆಯನ್ನು ತಾನೇ ಬಿಗಿಯಾಗಿ ಹಿಡಿದುಕೊಂಡಿರಬೇಕು. ತೆಂಗಲೆಯವರದು ಮಾರ್ಜಾಲಕಿಶೋರ ನ್ಯಾಯ: ಬೆಕ್ಕಿನ ಮರಿ ಏನನ್ನೂ ಮಾಡಬೇಕಾಗಿಲ್ಲ, ತಾಯಿಯೇ ಕತ್ತಿನ ತೊಗಲನ್ನು ಹಿಡಿದು ಒಯ್ಯುತ್ತದೆ. ತತ್ತ್ವಜ್ಞರು ಇವುಗಳಲ್ಲಿ ಯಾವುದು ಸರಿಯೆಂದು ಶತಮಾನಗಳ ಕಾಲ ವಾದಿಸಿದ್ದಾರೆ. ಆ ರಾತ್ರಿ ಆಟೋದಲ್ಲಿ ಟವೆಲ್ಲಿನಲ್ಲಿ ಸುತ್ತಿದ ಗುಂಡನನ್ನು ಎದೆಗವಚಿಕೊಂಡು ಕೂತಿದ್ದಾಗ ನನಗೆ ಹೊಳೆದದ್ದು ಇಷ್ಟೆ: ದೇವರ ವಿಷಯ ಹೇಗೋ ಏನೋ, ಸಾಕಿದ ಪ್ರಾಣಿಗೂ ನಮಗೂ ಇರುವ ಸಂಬಂಧದಲ್ಲಿ ಇರುವುದು ಮಾರ್ಜಾಲ ನ್ಯಾಯವೊಂದೇ. ಅದು ನಮ್ಮನ್ನು ಹಿಡಿದುಕೊಳ್ಳಲಾರದು. ಚಿಕಿತ್ಸೆ ಎಂದರೇನೆಂದು, ಎಲ್ಲಿಗೆ ಒಯ್ಯುತ್ತಿದ್ದೇವೆಂದು ಅದಕ್ಕೆ ತಿಳಿಯದು. ಹಿಡಿತವೆಲ್ಲ ನಮ್ಮ ಕಡೆಯದು; ಸಡಿಲ ಬಿಟ್ಟರೂ ನಾವೇ ಬಿಡಬೇಕು.

ಮಹಾಪ್ರಸ್ಥಾನದ ಕೊನೆಯಲ್ಲಿ ಧರ್ಮರಾಯ ಮಾಡಿದ್ದೂ ಇದನ್ನೇ. ಇಂದ್ರನ ರಥ ಬಂದು ನಿಂತಿದೆ. ಹಿಂದೆಯೇ ಬಂದ ನಾಯಿಯನ್ನು ಬಿಟ್ಟು ಹತ್ತು ಎಂದರೆ ಹತ್ತಲಿಲ್ಲ. ಆ ನಾಯಿ ಯಾವ ತಳಿ, ಅದರಿಂದ ಏನು ಪ್ರಯೋಜನ ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ. ನಂಬಿ ಬಂದದ್ದನ್ನು ಬಿಡಲಾರೆ ಎಂಬುದೊಂದೇ ಅವನ ಉತ್ತರ. ನಾವು ಧರ್ಮರಾಯರಲ್ಲ ನಿಜ. ಅವನಿಗೆ ಮನೆಸಾಲದ ಕಂತೂ ಇರಲಿಲ್ಲ. ಆದರೂ ಅವನು ಬಿಟ್ಟುಕೊಡಲು ಸಿದ್ಧನಾಗಿದ್ದದ್ದು ಸ್ವರ್ಗವನ್ನು. ನಮ್ಮನ್ನು ಕೇಳುತ್ತಿರುವುದು ವರ್ಷಕ್ಕೆ ಕೆಲವು ಸಾವಿರ ರೂಪಾಯಿ.

ಇಲ್ಲಿಗೆ ಬಂದಾಗ ವಿಮೆ ಮಾಡಿಸಿಯೇಬಿಡೋಣ ಎನ್ನಿಸಿತ್ತು. ಆದರೆ ಇನ್ನೊಂದು ಆಕ್ಷೇಪಣೆ ಉಳಿದಿತ್ತು, ಅದು ಹಣದ್ದಲ್ಲ. ದುಡ್ಡಿನ ಚಿಂತೆ ಇಲ್ಲವೆಂದಾಗ ಮನುಷ್ಯ ಎಲ್ಲಿ ನಿಲ್ಲಬೇಕೆಂಬುದನ್ನೂ ಮರೆಯುತ್ತಾನೆ. ಇನ್ನೊಂದು ಪರೀಕ್ಷೆ, ಇನ್ನೊಂದು ಶಸ್ತ್ರಚಿಕಿತ್ಸೆ, ಇನ್ನೊಂದು ವಾರ. ನಮಗೆ ‘ಮುಂದೆ ಗುಣವಾಗುತ್ತದೆ’ ಎಂಬ ಆಸೆ ಇರುತ್ತದೆ. ಆ ಆಸೆಯಿಂದ ಇಂದಿನ ಸೂಜಿಯನ್ನು ಸಹಿಸುತ್ತೇವೆ. ಬೆಕ್ಕಿಗೆ ಆ ‘ಮುಂದೆ’ ಎಂಬುದನ್ನು ಯಾರೂ ಹೇಳಿಕೊಡಲಾರರು. ಅದರ ಪಾಲಿಗೆ ಇಂದಿನ ಸೂಜಿ ಇಂದಿನ ನೋವು, ಅಷ್ಟೆ. ಅದನ್ನು ಕಳುಹಿಸಿಕೊಡಲಾರದ ನಮ್ಮ ದುಃಖವನ್ನು ಕರುಣೆಯೆಂದು ಕರೆದು, ಅದರ ಮೈಮೇಲೆ ಹೇರುವುದೂ ಉಂಟು. ವಿಮೆ ಆ ದುರಾಸೆಗೆ ಊರುಗೋಲಾಗಬಾರದು.

ಹೀಗೆ ಎರಡನ್ನೂ ತೂಗಿ ನೋಡಿದಾಗ ನನಗೆ ತಿಳಿದದ್ದು ಇದು. ಆ ರಾತ್ರಿ ‘ಎಷ್ಟಾಗುತ್ತೆ’ ಎಂದು ಕೇಳಿದ್ದು ಪಾಪವಲ್ಲ. ಕೇಳದೆ ವಿಧಿಯಿಲ್ಲದವರು ನಮ್ಮ ನಾಡಿನಲ್ಲಿ ಬಹಳ ಜನ ಇದ್ದಾರೆ. ತಪ್ಪಾದದ್ದು, ಆ ಪ್ರಶ್ನೆ ಮೊದಲು ಬಂದು ಬಾಗಿಲಿಗೆ ಅಡ್ಡ ನಿಂತದ್ದು. ಕೇಳಬೇಕಾದ ಪ್ರಶ್ನೆ ಬೇರೆ ಇತ್ತು: ಇದಕ್ಕೆ ಎಷ್ಟು ನೋವು, ಇನ್ನೆಷ್ಟು ನೆಮ್ಮದಿಯ ದಿನ? ಹಣದ ಗದ್ದಲದಲ್ಲಿ ಅದು ಕೇಳಿಸಲೇ ಇಲ್ಲ. ವಿಮೆಯಿಂದ ಏನಾದರೂ ನಿಜವಾದ ಉಪಕಾರವಿದ್ದರೆ, ಅದು ಆ ಗದ್ದಲವನ್ನು ಸ್ವಲ್ಪ ಅಡಗಿಸುವುದು. ಉತ್ತರವನ್ನು ಅದು ಕೊಡುವುದಿಲ್ಲ. ಸರಿಯಾದ ಪ್ರಶ್ನೆ ಕೇಳುವಷ್ಟು ಬಿಡುವನ್ನು ಕೊಡುತ್ತದೆ. ಮುಂಗಡವಾಗಿ, ಮನಸ್ಸು ಶಾಂತವಾಗಿರುವಾಗ, ‘ಇಷ್ಟರಮಟ್ಟಿಗೆ ನಿನ್ನ ಕೈ ಬಿಡುವುದಿಲ್ಲ’ ಎಂದು ಬಾಯಿಲ್ಲದ ಜೀವಕ್ಕೆ ಕೊಡುವ ಮಾತು ಅದು. ಆ ಮಾತನ್ನು ಕಂಪನಿಯ ಮೂಲಕವೇ ಕೊಡಬೇಕೆಂಬ ನಿಯಮವೇನೂ ಇಲ್ಲ.

ಇಷ್ಟನ್ನು ಮನಸ್ಸಿನಲ್ಲಿ ಇಟ್ಟುಕೊಂಡು ನಮೂನೆಯನ್ನು ಮತ್ತೆ ಓದಿದೆ. ಪಾಠ ಮಾಡುವವನಿಗೆ ಅಡಿಟಿಪ್ಪಣಿ ಓದುವ ಅಭ್ಯಾಸವಿರುತ್ತದೆಯಷ್ಟೆ. ವಿಮೆಗೆ ಮುಂಚೆ ಇದ್ದ ಕಾಯಿಲೆಗೆ ಹಣವಿಲ್ಲ. ವಿಮೆ ಆದಮೇಲೂ ಇಂತಿಷ್ಟು ದಿನ ಕಾಯಬೇಕು. ವಯಸ್ಸಿಗೆ ಮಿತಿಯಿದೆ. ಖರ್ಚಿನಲ್ಲಿ ಒಂದು ಪಾಲು ನಮ್ಮದೇ. ಗುಂಡನಿಗೆ ಏಳು ವರ್ಷ. ಮರುಕಳಿಸಬಹುದಾದದ್ದು ಅದೇ ಮೂತ್ರಬಾಧೆ. ಅದಕ್ಕೇ ಈ ಕಾಗದ ಒದಗುವುದಿಲ್ಲ. ನಮೂನೆಯಲ್ಲಿ ಆ ರಾತ್ರಿಯ ವಿಷಯವನ್ನು ಬರೆಯದೆ ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂಬ ಯೋಚನೆಯೂ ಒಂದು ಕ್ಷಣ ಸುಳಿಯಿತು ಎಂದು ಒಪ್ಪಿಕೊಳ್ಳುತ್ತೇನೆ. ಕಾಣದ ಸಾವಿರ ಜನ ಸೇರಿ ಕೂಡಿಸಿದ ಮುಯ್ಯಿಗೆ ಕನ್ನ ಹಾಕುವುದು ಅದು. ಒಂದು ಜೀವಕ್ಕೆ ಕೊಡುವ ಮಾತನ್ನು ಸುಳ್ಳಿನಿಂದ ಆರಂಭಿಸುವುದು ಬೇಡವೆನ್ನಿಸಿತು.

ಕೊನೆಗೆ ಗುಂಡನಿಗೆ ವಿಮೆ ಮಾಡಿಸಲಿಲ್ಲ. ಮತ್ತೆಂದಾದರೂ ಒಂದು ಮರಿ ನಮ್ಮ ಸ್ಕೂಟರಿನ ಕೆಳಗೆ ಬಂದು ಕೂತರೆ, ಆರೋಗ್ಯವಾಗಿರುವಾಗಲೇ ಖಂಡಿತ ಮಾಡಿಸುವೆನು. ಈಗ ಮಾಡಿದ್ದು ಇಷ್ಟು: ಅಂಚೆ ಕಚೇರಿಯಲ್ಲಿ ತಿಂಗಳಿಗೆ ಸಾವಿರ ರೂಪಾಯಿಯಂತೆ ಐದು ವರ್ಷದ ಆರ್.ಡಿ. ಖಾತೆ ತೆರೆಯುವುದೆಂದು ತೀರ್ಮಾನಿಸಿದೆ. ಮಗಳಿಗೆ ದೂರವಾಣಿಯಲ್ಲಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಲ್ಲೀವರೆಗೆ ಏನಾದ್ರೂ ಆದ್ರೆ?’ ಎಂದಳು. ‘ಆದರೆ ಮೊದಲು ಅದರ ನೋವಿನ ಬಗ್ಗೆ ಕೇಳುತ್ತೇನೆ, ಆಮೇಲೆ ದುಡ್ಡಿನ ಬಗ್ಗೆ’ ಎಂದೆ. ವಾಸಿಯಾಗುವ ನೋವಾದರೆ ಸಾಲ ಮಾಡಿಯಾದರೂ ಚಿಕಿತ್ಸೆ. ನೋವನ್ನು ಉದ್ದ ಮಾಡುವುದಷ್ಟೇ ಆದರೆ ಬೇಡ. ಮೂವರೂ ಇದನ್ನು ಒಪ್ಪಿಕೊಂಡೆವು. ಆ ಕಾಲಕ್ಕೆ ಅಳು ಬಂದರೂ ಈ ಮಾತನ್ನು ನೆನಪಿಸಿಕೊಳ್ಳಬೇಕೆಂದೂ ಒಪ್ಪಿಕೊಂಡೆವು.

ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡು, ‘ಹೇಗೂ ಅಂಚೆ ಕಚೇರಿಗೆ ಹೋಗ್ತೀರಲ್ಲ, ಎರಡು ಪುಸ್ತಕ ತೆಗೆಸಿ’ ಎಂದಳು. ಎರಡನೆಯದು ಯಾರಿಗೆಂದು ನಾನು ಕೇಳಬೇಕಾಗಲಿಲ್ಲ. ಎರಡನ್ನೂ ತೆಗೆಸಿದೆ. ಎರಡನೆಯದರ ಮೇಲೆ ಅವಳು ಯಾವ ಹೆಸರನ್ನೂ ಬರೆದಿಲ್ಲ. ಅದರಿಂದ ನಮ್ಮ ಸಾಲ ತೀರಿತೆಂದು ನಾನು ಭಾವಿಸಿಲ್ಲ. ಸಾಲ ಇದೆಯೆಂಬುದು ತಿಂಗಳಿಗೊಮ್ಮೆ ನೆನಪಾಗುತ್ತದೆ, ಅಷ್ಟು ಸಾಕು.

ಈಗಲೂ ಒಮ್ಮೊಮ್ಮೆ ರಾತ್ರಿ ಎಚ್ಚರವಾದರೆ ಎದ್ದು ಹೋಗಿ ಮರಳ ತೊಟ್ಟಿಯನ್ನು ನೋಡಿ ಬರುತ್ತೇನೆ. ಮರಳು ಒದ್ದೆಯಾಗಿದ್ದರೆ ಮನಸ್ಸು ಹಗುರವಾಗುತ್ತದೆ. ಗುಂಡ ಕುರ್ಚಿಯ ಮೇಲಿಂದ ಅರೆಗಣ್ಣು ತೆರೆದು, ಈ ಮನುಷ್ಯನಿಗೆ ಇದೇನು ಹುಚ್ಚು ಎಂಬಂತೆ ನೋಡಿ, ಮತ್ತೆ ಕಣ್ಣು ಮುಚ್ಚುತ್ತಾನೆ. ನಾನೂ ಹೋಗಿ ಮಲಗುತ್ತೇನೆ.